ಚಿಕ್ಕಮ್ಮನ ಕಾರೂ ಐದು ಯಾಕೆಗಳೂ

ನಮ್ಮ ಚಿಕ್ಕಮ್ಮನ ಎದುರಿಗೆ ಯಾರೂ ಸೀನಬಾರದು. ಇದು ನಾನು ಸ್ವಂತ ಅನುಭವದಿಂದ ಹೇಳುತ್ತಿರುವ ಮಾತು. ಬೇರೆ ಮನೆಗಳಲ್ಲಿ ಸೀನಿದರೆ 'ನೂರು ವರ್ಷ ಬಾಳಪ್ಪ' ಎನ್ನುತ್ತಾರೆ, ಇಲ್ಲವೇ ಹೊರಟವರು ಒಂದು ಗಳಿಗೆ ಕೂತು ನೀರು ಕುಡಿದು ಹೋಗುತ್ತಾರೆ. ಚಿಕ್ಕಮ್ಮ ಮಾತ್ರ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕೆ?" ಎನ್ನುತ್ತಾಳೆ.

ಸೀನಿದ್ದಕ್ಕೆ ಏನೆಂದು ಉತ್ತರ ಕೊಡುವುದು ಸ್ವಾಮಿ? ಒಮ್ಮೆ ಬಾಯಿ ತಪ್ಪಿ "ಧೂಳು, ಚಿಕ್ಕಮ್ಮ" ಎಂದುಬಿಟ್ಟೆ.

"ಧೂಳು ಯಾಕೆ?"

"ಕಿಟಕಿ ತೆಗೆದಿದೆಯಲ್ಲ."

"ಕಿಟಕಿ ಯಾಕೆ ತೆಗ್ದೆ?"

"ಸೆಕೆ."

"ಸೆಕೆ ಯಾಕೆ? ಫ್ಯಾನ್ ಇಲ್ವಾ?"

"ಫ್ಯಾನು ಸದ್ದು ಮಾಡತ್ತೆ."

"ಸದ್ದು ಮಾಡೋದನ್ನ ಇಷ್ಟು ದಿನ ಸರಿ ಮಾಡ್ಸಿಲ್ಲ ಯಾಕೆ?"

"ಸೋಮಾರಿತನ" ಎಂದು ಒಪ್ಪಿಕೊಂಡೆ.

"ನೋಡು! ಚಿಕ್ಕಂದಿನಲ್ಲಿ ನಿಮ್ಮಮ್ಮ ನಿನಗೆ ಎರಡು ಬಿಟ್ಟಿದ್ರೆ ಇವತ್ತು ನೀನು ಸೀನ್ತಾನೇ ಇರ್ಲಿಲ್ಲ!"

ಚಿಕ್ಕಮ್ಮನ ಯಾಕೆಗಳು ಸರಿಯಾಗಿ ಐದು. ನಾಲ್ಕಕ್ಕೆ ನಿಲ್ಲುವುದಿಲ್ಲ, ಆರಕ್ಕೆ ದಾಟುವುದಿಲ್ಲ. ಮೊದಲನೆಯದು ಎಲ್ಲಿಂದ ಹೊರಟರೂ ಐದನೆಯದು ಬಂದು ಕೂರುವುದು ನಮ್ಮಮ್ಮನ ತಲೆಯ ಮೇಲೆ. ಹಾಲು ಉಕ್ಕಿದರೂ, ನನಗೆ ಬಡ್ತಿ ತಪ್ಪಿದರೂ, ನನ್ನ ಹೆಂಡತಿ ಮಾಡಿದ ಚಪಾತಿ ಗಟ್ಟಿಯಾದರೂ ಮೂಲ ಕಾರಣ ಒಂದೇ. ಸ್ವಂತ ಅಕ್ಕನನ್ನು ಇಷ್ಟು ಸಲೀಸಾಗಿ ಸಿಕ್ಕಿಸಿಹಾಕುವ ವಿದ್ಯೆ ಈ ತಂಗಿಗೆ ಒಲಿದದ್ದು ಪೀಣ್ಯದಲ್ಲಿ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅವಳಿಗೆ ಕೆಲಸವಿತ್ತು. ಕಾರ್ಖಾನೆ ಬೆರಳುದ್ದದ ಹಿತ್ತಾಳೆ ವಾಲ್ವುಗಳನ್ನು ಮಾಡುತ್ತದೆ, ಮಾಡಿದ್ದು ಸರಿಯಾಗಿದೆಯೋ ಇಲ್ಲವೋ ಎಂದು ಚಿಕ್ಕಮ್ಮ ನೋಡುತ್ತಿದ್ದಳು. ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ, ತಿದ್ದಿದರೆ ಸರಿಹೋದೀತು ಎನ್ನುವುದಕ್ಕೆ ಹಳದಿ ಚೀಟಿ. ಜಪಾನಿಗೆ ಹೋಗಿ ಕಲಿತು ಬಂದ ಯಾರೋ ಅಧಿಕಾರಿಗಳು ಒಮ್ಮೆ ಎಲ್ಲರನ್ನೂ ಕೂರಿಸಿ ಪಾಠ ಹೇಳಿದರಂತೆ: ತಪ್ಪು ಕಂಡರೆ ಗಡಿಬಿಡಿಯಲ್ಲಿ ತಿದ್ದಬೇಡಿ, ಐದು ಸಲ ಯಾಕೆ ಎಂದು ಕೇಳಿ, ಐದನೆಯದಕ್ಕೆ ಬೇರು ಸಿಗುತ್ತದೆ. ಉಳಿದವರು ಪಾಠದ ಕೊನೆಗೆ ಕೊಟ್ಟ ಬಾದಾಮಿ ಹಾಲು ಕುಡಿದು ಎದ್ದು ಹೋದರು. ಚಿಕ್ಕಮ್ಮ ದೀಕ್ಷೆ ತೆಗೆದುಕೊಂಡಳು.

ಅಂದಿನಿಂದ ಲಗ್ಗೆರೆಯ ಆ ಪುಟ್ಟ ಮನೆ ಕಾರ್ಖಾನೆಯ ಇನ್ನೊಂದು ಶಾಖೆಯೇ ಆಯಿತು. ಅಡುಗೆಮನೆಯ ಡಬ್ಬಗಳಿಗೆಲ್ಲ ನಂಬರು. ಹುಳುಕು ಬದನೆಕಾಯಿಗೆ ಕೆಂಪು ಚೀಟಿ ಕಟ್ಟಿ ತರಕಾರಿ ಗಾಡಿಯವನಿಗೆ ಮರುದಿನ ವಾಪಸ್ಸು. ಅವನು ಆ ಬೀದಿಗೆ ಬರುವುದನ್ನೇ ಬಿಟ್ಟ. ಪ್ರಾಯದಲ್ಲಿ ಅವಳನ್ನು ನೋಡಲು ಮೂರು ಗಂಡುಗಳು ಬಂದಿದ್ದವಂತೆ. ಆಗಿನ್ನೂ ಜಪಾನಿನ ಪಾಠ ಆಗಿರಲಿಲ್ಲ, ಆದರೆ ಸ್ವಭಾವ ಇತ್ತಲ್ಲ! ಮೊದಲ ಇಬ್ಬರು ಕೆಂಪು, ಮೂರನೆಯವನು ಹಳದಿ. ತಿದ್ದಿಕೊಂಡು ಬರುತ್ತೇನೆಂದು ಹೋದ ಪುಣ್ಯಾತ್ಮ ಇವತ್ತಿಗೂ ಬಂದಿಲ್ಲ.

ನಾನೂ ಒಂದು ರೀತಿಯಲ್ಲಿ ಅವಳ ವೃತ್ತಿಯವನೇ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಆದರೆ ನಮ್ಮ ಧರ್ಮ ಬೇರೆ. ತಪ್ಪು ಸಿಕ್ಕರೆ ನಾನು ಪ್ರೋಗ್ರಾಂ ಬರೆದವನ ತಲೆಗೆ ಕಟ್ಟುತ್ತೇನೆ. ಅವನು 'ನನ್ನ ಮೆಷಿನ್ನಲ್ಲಿ ಸರಿಯಾಗೇ ಇದೆ' ಎನ್ನುತ್ತಾನೆ. ಮ್ಯಾನೇಜರು 'ಮುಂದಿನ ರಿಲೀಸಿನಲ್ಲಿ ನೋಡೋಣ' ಎನ್ನುತ್ತಾರೆ. ಮೂವರೂ ಸೇರಿ ಕಾಫಿ ಕುಡಿಯುತ್ತೇವೆ. ಇದನ್ನು ಒಮ್ಮೆ ಚಿಕ್ಕಮ್ಮನಿಗೆ ವಿವರವಾಗಿ ಹೇಳಿದೆ. ಅವಳು "ಅದಕ್ಕೆ ಸಂಬಳ ಕೊಡ್ತಾರಾ?" ಎಂದು ಕೇಳಿದಳು.

ಎಲ್ಲರಿಗೂ ಯಾಕೆ ಎಂದು ಕೇಳುವ ಚಿಕ್ಕಮ್ಮನಿಗೆ ತನ್ನದು ಎನ್ನುವ ಒಂದೇ ಒಂದು ಆಸೆ ಇತ್ತು. ಅದು ಗೇಟಿನ ಆಸೆ.

ಅವಳ ಕಾರ್ಖಾನೆಗೆ ಎರಡು ಗೇಟು. ಒಂದು ಆನೆ ಹೋಗುವಷ್ಟು ಅಗಲದ್ದು. ಅದರಲ್ಲಿ ಲಾರಿ ಹೋಗುತ್ತದೆ, ಅಧಿಕಾರಿಗಳ ಕಾರು ಹೋಗುತ್ತದೆ, ವರ್ಷಕ್ಕೊಮ್ಮೆ ಆಡಿಟ್ಟಿಗೆ ಬರುವ ಸಾಹೇಬರು ಹಾರ ಹಾಕಿಸಿಕೊಂಡು ಹೋಗುತ್ತಾರೆ. ಅದರ ಪಕ್ಕದಲ್ಲೇ ಕಿಂಡಿಯಂಥ ಚಿಕ್ಕ ಗೇಟು. ಕಾಲ್ನಡಿಗೆಯವರು ಅದರಲ್ಲಿ ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಹೋಗಬೇಕು. ಸಂಜೆ ಹೊರಗೆ ಬರುವಾಗ ಬ್ಯಾಗು, ಟಿಫನ್ ಡಬ್ಬಿ ಎಲ್ಲ ಬಿಚ್ಚಿ ತೋರಿಸಬೇಕು, ಹಿತ್ತಾಳೆ ಚೂರು ಸೇರಿಸಿಕೊಂಡಿದ್ದಾರೋ ಏನೋ ಎಂದು. ಕಾರಿನ ಡಿಕ್ಕಿ ತೆಗೆಸಿದ್ದನ್ನು ಮಾತ್ರ ತಾನು ಒಂದು ದಿನವೂ ಕಂಡಿಲ್ಲ ಎನ್ನುತ್ತಿದ್ದಳು.

"ಮೂವತ್ತು ವರ್ಷ ಕಣೋ" ಎಂದು ಒಂದು ದಿನ ಅವರೆಕಾಯಿ ಸುಲಿಯುತ್ತ ಹೇಳಿದಳು. "ಒಳಗೆ ನಾನು ಸರಿ ಅಂದಿದ್ದು ಸರಿ, ತಪ್ಪು ಅಂದಿದ್ದು ತಪ್ಪು. ದೊಡ್ಡ ಸಾಹೇಬ್ರೂ ನನ್ನ ಚೀಟಿ ಕೀಳಲ್ಲ. ಸಂಜೆ ಆದ್ರೆ ನನ್ನ ಡಬ್ಬೀನೇ ತೆಗ್ದು ಮೂಸಿ ನೋಡ್ತಾರೆ."

ನಾನು ಆಗ ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹಾಗಾಗಿ ಚಿಕ್ಕಮ್ಮ ನಿಶ್ಚಯ ಮಾಡಿದಳು: ನಿವೃತ್ತಿಯ ದಿನ, ಕೆಲಸದ ಕೊನೆಯ ಶನಿವಾರ, ತಾನು ದೊಡ್ಡ ಗೇಟಿನಲ್ಲಿ ಒಳಗೆ ಹೋಗಬೇಕು. ಸ್ವಂತ ಕಾರಿನಲ್ಲಿ, ತಾನೇ ಓಡಿಸಿಕೊಂಡು. ಆಡಳಿತ ವಿಭಾಗಕ್ಕೆ ಮೂರು ಅರ್ಜಿ ಹಾಕಿದಳು. ಮೊದಲ ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯ ಅರ್ಜಿಯಲ್ಲಿ ಮೊದಲ ಎರಡಕ್ಕೆ ಉತ್ತರ ಬರದಿರುವುದಕ್ಕೆ ಐದು ಯಾಕೆ ಕೇಳಿದ್ದಳಂತೆ. ಆ ಸಂಜೆಯೇ ಪಾಸು ಬಂತು. ಒಂದು ಕಾರು, ಒಂದು ದಿನ, ಆ ಶನಿವಾರ ಮಾತ್ರ.

ಕಾರು ಹುಡುಕಿಕೊಟ್ಟವನು ನಾನೇ. ಬ್ರೂಕ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನವರೊಬ್ಬರು ತಮ್ಮ ಬೆಣ್ಣೆ ಬಣ್ಣದ ಪುಟ್ಟ ಹಳೆಯ ಕಾರನ್ನು ಮಾರುವವರಿದ್ದರು. ಚಿಕ್ಕಮ್ಮ ಮೂರು ಭಾನುವಾರ ಬಂದು, ಪಟ್ಟಿ ಹಿಡಿದುಕೊಂಡು, ಅದರ ಒಂದೊಂದು ತಿರುಪನ್ನೂ ವಿಚಾರಿಸಿಕೊಂಡಳು. ಮೂರನೆಯ ಭಾನುವಾರ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ದಯವಿಟ್ಟು ತೊಗೊಂಡ್ಹೋಗಕ್ಕೆ ಹೇಳಿ. ನನಗೇ ಈ ಕಾರಲ್ಲಿ ಕೂರಕ್ಕೆ ಹೆದರಿಕೆ ಆಗ್ತಿದೆ" ಎಂದರು.

ಡ್ರೈವಿಂಗ್ ಶಾಲೆಯ ಮೇಷ್ಟ್ರ ಕಥೆ ಇನ್ನೂ ಕರುಣಾಜನಕ. "ಕ್ಲಚ್ ಒತ್ತಿ ಮೇಡಂ" ಎಂದರೆ "ಯಾಕೆ?" "ಗೇರ್ ಹಾಕ್ಬೇಕಲ್ಲ ಮೇಡಂ." "ಗೇರ್ ಯಾಕೆ?" ಮೊದಲ ವಾರ ಕಾರು ನಿಂತಲ್ಲೇ ನಿಂತಿತ್ತು, ಮೇಷ್ಟ್ರು ಇಂಜಿನಿಯರಿಂಗ್ ಪುಸ್ತಕ ಓದಿಕೊಂಡು ಬರಲು ಶುರುಮಾಡಿದರು. ಕೊನೆಗೂ ಲೈಸೆನ್ಸ್ ಬಂತು. ಅಂದು ಮೇಷ್ಟ್ರು ದೇವರಿಗೆ ಕಾಯಿ ಒಡೆಸಿದರು ಎಂದು ಬೀದಿಯಲ್ಲಿ ಸುದ್ದಿ.

ಆಮೇಲೆ ಎರಡು ತಿಂಗಳು ಕಾರು ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿತು. ದಿನಾ ಬೆಳಿಗ್ಗೆ ಚಿಕ್ಕಮ್ಮ ಹೊದಿಕೆ ತೆಗೆದು, ಐದು ನಿಮಿಷ ಇಂಜಿನ್ ಓಡಿಸಿ, ಮತ್ತೆ ಹೊದಿಸುವಳು. "ರೋಡಿಗೆ ಇಳ್ಸಲ್ವಾ?" ಎಂದರೆ, "ಮೊದಲ್ನೇ ಸಲ ಹೋಗೋದು ಗೇಟಿಗೇ" ಎನ್ನುವಳು. ಏನೋ ವ್ರತ ಹಿಡಿದಿದ್ದಾಳೆ ಎಂದುಕೊಂಡು ನಾನು ಸುಮ್ಮನಾದೆ.

ನಿವೃತ್ತಿಯ ವಾರದ ಬುಧವಾರ ಬೆಳಿಗ್ಗೆ ನನಗೆ ಫೋನು ಬಂತು. ಹಲೋ ಇಲ್ಲ, ಗಿಲೋ ಇಲ್ಲ. ಬರೀ "ಕರ್ರ್ ಕರ್ರ್ ಕರ್ರ್ ಕರ್ರ್" ಎಂಬ ಸದ್ದು.

"ಚಿಕ್ಕಮ್ಮ? ಗಂಟಲಿಗೆ ಏನಾಯ್ತು?"

"ನನ್ನ ಗಂಟಲಲ್ಲ ಕಣೋ, ಕಾರಿಂದು. ಕಿಟಕಿಯಿಂದ ಬಾನೆಟ್ ಕಡೆಗೆ ಫೋನ್ ಹಿಡ್ದಿದೀನಿ. ಕೇಳಿಸ್ಕೊಂಡ್ಯಾ? ಇಂಜಿನ್ ತಿರುಗ್ತಾ ಇದೆ. ಸ್ಟಾರ್ಟ್ ಆಗ್ತಿಲ್ಲ. ಶನಿವಾರಕ್ಕೆ ಇನ್ನು ಮೂರೇ ದಿನ. ಬಾ."

ಬ್ರೂಕ್‌ಫೀಲ್ಡಿನಿಂದ ಲಗ್ಗೆರೆಗೆ ಹೋಗುವುದೆಂದರೆ ಪಕ್ಕದ ಜಿಲ್ಲೆಗೆ ಹೋದ ಹಾಗೆ. ಅದರಲ್ಲೂ ಪೀಣ್ಯದ ಕಡೆ ಮೆಟ್ರೋ ಕಂಬಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಆಫೀಸಿಗೆ 'ಮನೆಯಿಂದ ಕೆಲಸ' ಎಂದು ತಿಳಿಸಿ, ಯಾರ ಮನೆ ಎಂದು ತಿಳಿಸದೆ, ಗುರುವಾರ ಮಧ್ಯಾಹ್ನ ಹೋಗಿ ಮುಟ್ಟಿದೆ. ಚಿಕ್ಕಮ್ಮನೂ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಮೂವತ್ತು ವರ್ಷದಲ್ಲಿ ತನಗೆ ಜ್ವರ ಬಂದಾಗಲೂ ಹಾಕದ ರಜೆ!

ನಿಂತುಹೋದ ಕಾರಿನ ಸುತ್ತ ಜನ ಸೇರುವಷ್ಟು ಬೇಗ ನಮ್ಮೂರಲ್ಲಿ ಹರಿಕಥೆಗೂ ಸೇರುವುದಿಲ್ಲ. ಆಗಲೇ ಅಲ್ಲಿ ಎರಡು ಪಂಗಡಗಳಾಗಿದ್ದವು. ಮೂಲೆಯ ಗ್ಯಾರೇಜಿನ ಬಾಬಣ್ಣನದು ಒಂದು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರದು ಇನ್ನೊಂದು. ಕಬ್ಬಿಣದ ವಸ್ತುವನ್ನು ಎಂಥ ದಿನ ಮನೆಗೆ ತಂದಿರೋ, ದೃಷ್ಟಿಯಾಗಿದೆ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಿ ಎಂದು ಹೆಡ್‌ಮಾಸ್ತರರು ಹೇಳುತ್ತಿದ್ದರು. ನಿಂಬೆಹಣ್ಣಿನ ಮೇಲೆ ಹೋಗಬೇಕಾದರೂ ಮೊದಲು ಕಾರು ಹೋಗಬೇಕಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಬಾಬಣ್ಣನದು ನೇರ ಚಿಕಿತ್ಸೆ. "ಹೊಸ ಬ್ಯಾಟ್ರಿ ಹಾಕ್ಬಿಡೋಣ ಅಕ್ಕ."

"ಯಾಕೆ?"

"ಇದು ಹಳೇದಾಗಿದೆ."

"ನಾನೂ ಹಳೇದಾಗಿದೀನಿ. ನನ್ನೂ ಬದ್ಲಾಯಿಸ್ತೀಯಾ?"

"ಅಯ್ಯೋ, ಹಂಗಲ್ಲಕ್ಕ..."

"ಹೆಡ್‌ಲೈಟ್ ಹಾಕ್ತೀನಿ, ನೋಡ್ತಿರು. ಕೀ ತಿರುಗ್ಸಿದಾಗ ಬೆಳಕು ತೀರಾ ಸತ್ತುಹೋದ್ರೆ ನಿನ್ನ ಮಾತು ಸರಿ."

ಕೀ ತಿರುಗಿಸಿದಳು. ಕರ್ರ್ ಕರ್ರ್ ಕರ್ರ್. ದೀಪ ಒಂದಿಷ್ಟು ಅಲುಗಿತು ಅಷ್ಟೇ. ಬಾಬಣ್ಣನ ಮುಖವೇ ಹೆಚ್ಚು ಮಂಕಾಯಿತು.

"ಕಾರಣ ಗೊತ್ತಿಲ್ದೆ ಪಾರ್ಟ್ ಬದ್ಲಾಯಿಸೋದು ಅಂದ್ರೆ ಹೊಟ್ಟೆನೋವು ಅಂದವ್ರಿಗೆ ಹಲ್ಲು ಕಿತ್ತ ಹಾಗೆ. ಇಲ್ಲಿ ಯಾರೂ ಏನೂ ಬದ್ಲಾಯಿಸೋ ಹಾಗಿಲ್ಲ" ಎಂದು ಚಿಕ್ಕಮ್ಮ ಘೋಷಿಸಿ, ಒಳಗೆ ಹೋಗಿ ಹಳೆಯ ಕ್ಯಾಲೆಂಡರಿನ ಹಾಳೆ ತಂದು, ಅದರ ಬೆನ್ನ ಮೇಲೆ ಚಿತ್ರ ಬರೆದು ಕಾಂಪೌಂಡಿಗೆ ಅಂಟಿಸಿದಳು.

ಈ ಚಿತ್ರಕ್ಕೆ ಕಾರ್ಖಾನೆಯಲ್ಲಿ ಮೀನಿನ ಮೂಳೆ ಎಂದು ಹೆಸರು. ನಡುವೆ ಒಂದು ಬೆನ್ನುಮೂಳೆ, ಆಚೆ ಈಚೆ ಪಕ್ಕೆಲುಬು, ಒಂದೊಂದು ಪಕ್ಕೆಲುಬಿಗೂ ಒಂದೊಂದು ಕಾರಣ. ಆದರೆ ನಮ್ಮದು ಲಿಂಗ ಕಟ್ಟಿದ ಮನೆ. ಮನೆಯೊಳಗೆ ಮೀನು, ಅದೂ ಮೂಳೆ! ಹಾಗಾಗಿ ತಿಪಟೂರು ಕಡೆಯ ಚಿಕ್ಕಮ್ಮ ಅದಕ್ಕೆ 'ತೆಂಗಿನ ಗರಿ' ಎಂದು ನಾಮಕರಣ ಮಾಡಿದ್ದಳು. ಗರಿಯ ದಿಂಡಿನ ಮೇಲೆ 'ಸ್ಟಾರ್ಟ್ ಆಗುತ್ತಿಲ್ಲ' ಎಂದು ಬರೆದಳು. ಆಚೆ ಈಚೆಯ ಎಲೆಗಳ ಮೇಲೆ ಬೆಂಕಿ, ಪೆಟ್ರೋಲು, ಗಾಳಿ, ಮನುಷ್ಯ ಎಂದು ಬರೆದಳು. 'ಮನುಷ್ಯ' ಎಂಬ ಎಲೆಯ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದಳು!

"ನಾನೇನು ಮಾಡಿದೆ ಚಿಕ್ಕಮ್ಮ?"

"ಕಾರು ತೋರ್ಸಿದ್ದು ಯಾರು? ಇರ್ಲಿ ಬಿಡು, ಅನುಮಾನ ಅಷ್ಟೇ. ಸಾಬೀತಾಗೋವರ್ಗೂ ಊಟ ಹಾಕ್ತೀನಿ."

ಮೊದಲು ಬೆಂಕಿಯ ಎಲೆ. ಬಾಬಣ್ಣ ಪ್ಲಗ್ಗು ಬಿಚ್ಚಿ, ವೈರಿಗೆ ಸಿಕ್ಕಿಸಿ, ಇಂಜಿನ್ನಿಗೆ ತಾಗಿಸಿ ಹಿಡಿದ. ನಾನು ಕೀ ತಿರುಗಿಸಿದೆ. ಚಟ್ ಚಟ್ ಎಂದು ನೀಲಿ ಕಿಡಿ ಹಾರಿತು. ಬೆಂಕಿ ಸರಿ, ಆ ಎಲೆಗೆ ಹಸಿರು ಚೀಟಿ. ಆಮೇಲೆ ಚಿಕ್ಕಮ್ಮ ಆ ಪ್ಲಗ್ಗನ್ನು ಕೈಗೆ ತೆಗೆದುಕೊಂಡು, ನಶ್ಯ ಏರಿಸುವವರ ಹಾಗೆ ಮೂಗಿಗೆ ಹಿಡಿದಳು.

"ವಾಸನೆ ಇಲ್ಲ. ತುದಿ ಒಣಗಿದೆ. ಇಷ್ಟು ಸಲ ತಿರುಗ್ಸಿದ್ರೆ ಪೆಟ್ರೋಲಲ್ಲಿ ಒದ್ದೆ ಆಗಿರ್ಬೇಕಿತ್ತು. ಪೆಟ್ರೋಲು ಇಲ್ಲೀವರ್ಗೂ ಬರ್ತಾನೇ ಇಲ್ಲ."

"ಟ್ಯಾಂಕಲ್ಲಿ ಇದೆಯೇನಮ್ಮ?" ಎಂದು ಹೆಡ್‌ಮಾಸ್ತರರು ಕೊಂಕಿನಿಂದ ಕೇಳಿದರು.

"ಮುಳ್ಳು ಅರ್ಧ ತೋರಿಸ್ತಿದೆ ಸಾರ್. ಮುಳ್ಳನ್ನ ನಂಬದೆ ಒಂದು ಕ್ಯಾನ್ ತಂದು ಬೇರೆ ಸುರಿದಿದೀನಿ" ಎಂದಳು. ಹೆಡ್‌ಮಾಸ್ತರರು ನಿಂಬೆಹಣ್ಣು ತರಲು ಹೊರಟುಹೋದರು.

ಮುಂದಿನದು ಕಿವಿಯ ಪರೀಕ್ಷೆ. "ಕೀಯನ್ನ ಅರ್ಧ ತಿರುಗ್ಸಿದ ತಕ್ಷಣ ಹಿಂದಿನ ಸೀಟಿನ ಕೆಳಗೆ ದಿನಾ 'ಜುಂಯ್' ಅಂತಿತ್ತು. ಟ್ಯಾಂಕಿನ ಪಂಪು ಅದು. ಎಲ್ರೂ ಸುಮ್ನಿರಿ!" ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯಿತು. ಯಾರ ಮನೆಯಲ್ಲೋ ಕುಕ್ಕರ್ ಕೂಗಿತು. "ಅದನ್ನ ಇಳ್ಸಿ!" ಎಂದು ಚಿಕ್ಕಮ್ಮ ಗದರಿದಳು. ಅರ್ಧ ಬೆಂದ ಬೇಳೆ ಕೆಳಗಿಳಿಯಿತು. ನಾನು ಕೀ ತಿರುಗಿಸಿದೆ. ಹಿಂದಿನ ಸೀಟಿಗೆ ಕಿವಿ ಒತ್ತಿ ಮಲಗಿದ್ದ ಚಿಕ್ಕಮ್ಮ ಎದ್ದು ಕೂತಳು. ಜುಂಯ್ ಇಲ್ಲ.

"ಹೊಸ ಪಂಪ್ ಹಾಕ್ಬಿಡೋಣ!" ಎಂದ ಬಾಬಣ್ಣ, ಹೇಳಿದ ಮೇಲೆ ತಾನೇ ಬಾಯಿ ಮುಚ್ಚಿಕೊಂಡ. ಒಂದೇ ಮಧ್ಯಾಹ್ನದಲ್ಲಿ ಪಳಗಿಬಿಟ್ಟಿದ್ದ.

ಪಂಪಿಗೆ ಕರೆಂಟು ಹೋಗುವ ದಾರಿಯನ್ನು ಹಿಡಿದು ಹೊರಟಳು. ಫ್ಯೂಸು ಸರಿ. ಅದರ ಪಕ್ಕ, ಪಂಪಿಗೆ ಕರೆಂಟು ಬಿಡುವ ಬೆಂಕಿಪೊಟ್ಟಣದಷ್ಟು ರಿಲೇ. ಅದು ಸರಿಯಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಹಾರ್ನಿನದೂ ಅಂಥದೇ ರಿಲೇ. ಇದನ್ನು ಕಿತ್ತು ಹಾರ್ನಿನ ಜಾಗಕ್ಕೆ ಹಾಕಿ, "ಒತ್ತು" ಎಂದಳು. ನಾನು ಒತ್ತಿದೆ. ಪೋಂ! ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಬಾಬಣ್ಣ ಗಾಳಿಯಲ್ಲಿ ಒಂದು ಅಡಿ ಹಾರಿ ಇಳಿದ.

"ಹಾರ್ನ್ ಕೂಗ್ತು. ಅಂದ್ರೆ ರಿಲೇನೂ ಸರಿ."

"ಅಕ್ಕ" ಎಂದ ಬಾಬಣ್ಣ, ಕಿವಿ ಉಜ್ಜಿಕೊಳ್ಳುತ್ತ, "ಶನಿವಾರ ಆದ್ಮೇಲೆ ನಮ್ ಗ್ಯಾರೇಜಿಗೇ ಬಂದ್ಬಿಡಿ. ಸಕ್ಕತ್ ಬುದ್ಧಿ ನಿಮ್ದು."

"ಬಂದ್ರೆ ಮೊದಲ್ನೇ ಕೆಂಪು ಚೀಟಿ ನಿನಗೇ" ಎಂದಳು ಚಿಕ್ಕಮ್ಮ.

ಅಷ್ಟರಲ್ಲಿ ಕತ್ತಲಾಯಿತು. ಶುಕ್ರವಾರ ಅವಳಿಗೆ ರಜೆ ಇಲ್ಲ. ಕೊನೆಯ ಶುಕ್ರವಾರದ ಮಾಲಿಗೂ ಚೀಟಿ ಅಂಟಿಸಬೇಕಲ್ಲ. ನಾನು ಅಲ್ಲೇ ಉಳಿದೆ. ರಾತ್ರಿ ಊಟಕ್ಕೆ ಕೂತೆವು. ಉಪ್ಪಿನಕಾಯಿ ಬಾಟಲಿನ ಮುಚ್ಚಳ ಸಡಿಲವಿತ್ತು, ಅದಕ್ಕೂ ಅವಳು ಯಾಕೆ ಕೇಳಲಿಲ್ಲ. ಗೋಡೆಗೆ ಪಿನ್ನು ಹಾಕಿ ಸಿಕ್ಕಿಸಿದ್ದ ಪಾಸನ್ನು ಎರಡು ಸಲ ಎದ್ದು ಹೋಗಿ ನೋಡಿ ಬಂದಳು. ನನಗೆ ಮೊದಲ ಬಾರಿ ಆತಂಕವಾಯಿತು.

ಶುಕ್ರವಾರ ಸಂಜೆ ಹಿಂದಿನ ಸೀಟು ಎತ್ತುವ ಕಾರ್ಯಕ್ರಮ. ಸೀಟು ಕಚ್ಚಿಕೊಂಡು ಕೂತಿತ್ತು. ಬಾಬಣ್ಣನೂ ನಾನೂ ಎಳೆದಾಡುತ್ತಿದ್ದಾಗ ಪಕ್ಕದ ಬಾಡಿಗೆ ರೂಮಿನ ಶರಣಪ್ಪ ಕೆಲಸದಿಂದ ಬಂದ. ಯಾದಗಿರಿ ಕಡೆಯವನು, ಕಟ್ಟಡಗಳಿಗೆ ಕಂಬಿ ಕಟ್ಟುವ ಕೆಲಸ. "ಸರೀರಿ ಸಾರ್" ಎಂದು ಒಂದೇ ಕೈಯಲ್ಲಿ ಸೀಟನ್ನು ಕಿತ್ತು ಹೊರಗಿಟ್ಟ. ಆಮೇಲೆ ಬಗ್ಗಿ ನೋಡಿ, "ಅಕ್ಕಾರ, ಇಲ್ಲಿ ಇಲಿ ಹಿಕ್ಕಿ ಬಿದ್ದಾವ ನೋಡ್ರಿ" ಎಂದ.

ಇಲಿಯ ಹಿಕ್ಕೆಯಷ್ಟೇ ಅಲ್ಲ, ಪಂಪಿಗೆ ಹೋಗುವ ವೈರು ಎರಡು ತುಂಡಾಗಿ ಬಿದ್ದಿತ್ತು. ತುದಿಗಳಲ್ಲಿ ಹಲ್ಲಿನ ಗುರುತು. ಅದರ ಸುತ್ತ ಹರಿದ ಪ್ಲಾಸ್ಟಿಕ್ ಕವರು, ಒಂದು ರಾಶಿ ಕಡಲೆಕಾಯಿ ಸಿಪ್ಪೆ. ಇಲಿಗಳು ಅಲ್ಲಿ ಮದುವೆ ಊಟವನ್ನೇ ಮುಗಿಸಿದ್ದವು!

ಚಿಕ್ಕಮ್ಮನ ಮುಖ ಅರಳಿತು. ಗೋಡೆಯ ತೆಂಗಿನ ಗರಿಯ ಮುಂದೆ ನಿಂತು ಪಾಠ ಶುರುಮಾಡಿದಳು. "ಸ್ಟಾರ್ಟ್ ಯಾಕೆ ಆಗ್ತಿಲ್ಲ? ಪಂಪ್ ಓಡ್ತಿಲ್ಲ. ಪಂಪ್ ಯಾಕೆ ಓಡ್ತಿಲ್ಲ? ವೈರ್ ತುಂಡಾಗಿದೆ. ವೈರ್ ಯಾಕೆ ತುಂಡಾಯ್ತು? ಇಲಿ ಕಡಿದಿದೆ. ಇಲಿ ಯಾಕೆ ಕಾರೊಳಗೆ ಬಂತು?" ಎಂದು ಕೇಳಿ, ಸಿಪ್ಪೆಯ ಕಡೆ ನೋಡಿ, ತಟ್ಟನೆ ನಿಂತುಬಿಟ್ಟಳು.

"ಕಡ್ಲೆಕಾಯಿಗೆ ಬಂತು" ಎಂದು ನಾನೇ ಪೂರೈಸಿದೆ. "ನಾಲ್ಕಾಯ್ತು. ಐದನೇದು, ಚಿಕ್ಕಮ್ಮ? ಕಾರೊಳಗೆ ಕಡ್ಲೆಕಾಯಿ ಯಾಕೆ?"

ಜೀವಮಾನದಲ್ಲಿ ಒಮ್ಮೆ ಸಿಕ್ಕ ಅವಕಾಶ, ಬಿಡುವುದುಂಟೇ? ನಮ್ಮಮ್ಮ ಇದರೊಳಗೆ ಹೇಗೆ ಬರುತ್ತಾಳೆ ಎಂದು ನೋಡಲು ಕೈಕಟ್ಟಿ ನಿಂತೆ.

"ಗೊತ್ತಿಲ್ಲ" ಎಂದಳು ಚಿಕ್ಕಮ್ಮ. ಆ ಬಾಯಲ್ಲಿ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ.

"ನೀವ ತಿಂತೀರಲ್ರೀ ಅಕ್ಕಾರ" ಎಂದ ಶರಣಪ್ಪ, ಯಾವ ಕಪಟವೂ ಇಲ್ಲದೆ. "ದಿನಾ ಸಂಜಿಗೆ ಕಾರಿನ್ಯಾಗ ಕುಂತು, ಸ್ಟೇರಿಂಗ ಹಿಡ್ಕೊಂಡು ಅತ್ಲಾಗ ಇತ್ಲಾಗ ತಿರುಗಿಸ್ಕೋಂತ ತಿಂತಿರ್ತೀರಿ. ನಾ ದಿನಾ ನೋಡ್ತೀನಲ್ರೀ."

ಬಾಬಣ್ಣ ವೈರನ್ನು ಬಹಳ ಗಮನವಿಟ್ಟು ನೋಡತೊಡಗಿದ. ಚಿಕ್ಕಮ್ಮ ಸೆರಗಿನಿಂದ ಕನ್ನಡಕ ಒರೆಸಿದಳು, ಮತ್ತೆ ಹಾಕಿಕೊಂಡಳು.

"ಭಯ ಕಣೋ" ಎಂದಳು. "ಲೈಸೆನ್ಸ್ ಬಂತು, ಕಾರು ಬಂತು. ಪಕ್ಕದಲ್ಲಿ ಮೇಷ್ಟ್ರಿಲ್ದೆ ರೋಡಿಗೆ ಇಳ್ಸಕ್ಕೇ ಆಗಲ್ಲ. ದಿನಾ ಇವತ್ತು ಇಳ್ಸೇಬಿಡೋಣ ಅಂತ ಕೂರ್ತಿದ್ದೆ. ಧೈರ್ಯ ಬರೋವರ್ಗೂ ನಾಲ್ಕು ಕಡ್ಲೆಕಾಯಿ ತಿನ್ನೋಣ ಅಂತ. ಕಡ್ಲೆಕಾಯಿ ಮುಗಿದುಹೋಗೋದು. ಇಳಿದು ಒಳಗೆ ಹೋಗ್ತಿದ್ದೆ. ಸಿಪ್ಪೆ ಕವರು ಎಸೆಯೋದು ಯಾವಾಗ ಮರೆತೆನೋ."

ಗೆದ್ದೆ ಎಂದು ಕಟ್ಟಿಕೊಂಡಿದ್ದ ಕೈಗಳನ್ನು ಕೆಳಗಿಳಿಸಿದೆ. ಎರಡು ತಿಂಗಳು ಅವಳು ಒಬ್ಬಳೇ ನಿಂತ ಕಾರಿನಲ್ಲಿ ಕೂತು ಆ ಗೇಟಿನೊಳಗೆ ತಿರುಗಿಸುವುದನ್ನು ಅಭ್ಯಾಸ ಮಾಡಿದ್ದಳು. ಚಿಕ್ಕಮ್ಮ ಪೆನ್ನು ತೆಗೆದುಕೊಂಡು ಗೋಡೆಯ ಬಳಿ ಹೋದಳು. 'ಮನುಷ್ಯ' ಎಂಬ ಎಲೆಯ ಕೆಳಗೆ ನನ್ನ ಹೆಸರು ಹೊಡೆದುಹಾಕಿ, ತನ್ನ ಹೆಸರು ಬರೆದು, ತಾರೀಖು ಹಾಕಿ ಸಹಿ ಮಾಡಿದಳು.

ಬಾಬಣ್ಣ ವೈರು ಜೋಡಿಸಿ ಟೇಪು ಸುತ್ತಿದ. ಕೀ ಅರ್ಧ ತಿರುಗಿಸಿದರೆ ಜುಂಯ್ ಎಂದಿತು. ಪೂರ್ತಿ ತಿರುಗಿಸಿದ ಕ್ಷಣವೇ ಇಂಜಿನ್ ಓಡತೊಡಗಿತು. ಹೆಡ್‌ಮಾಸ್ತರರು ತಮ್ಮ ನಿಂಬೆಹಣ್ಣಿನ ಮಹಿಮೆ ಎಂದರು. ಅವು ಇನ್ನೂ ಅವರ ಜೇಬಿನಲ್ಲೇ ಇದ್ದವು.

"ನಾಳೆ ನಾನು ಓಡಿಸ್ತೀನಿ ಬಿಡು ಚಿಕ್ಕಮ್ಮ, ನೀನು ಪಕ್ಕದಲ್ಲಿ ಕೂತ್ಕೋ" ಎಂದೆ.

"ನೀನು ಓಡ್ಸಿದ್ರೆ ನಿನ್ನ ಕಾರಲ್ಲಿ ನಾನು ಹೋದ ಹಾಗಾಗತ್ತೆ. ನೀನು ಪಕ್ಕದಲ್ಲಿ ಕೂತ್ಕೋ. ಬಾಯಿ ಮುಚ್ಕೊಂಡು."

ಶನಿವಾರ ಬೆಳಿಗ್ಗೆ ಮಾವಿನ ಬಣ್ಣದ ರೇಷ್ಮೆ ಸೀರೆಯುಟ್ಟು ಚಿಕ್ಕಮ್ಮ ಸ್ಟೇರಿಂಗ್ ಹಿಡಿದಳು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಲಗ್ಗೆರೆಯಿಂದ ಹೊರಟ ನಮ್ಮನ್ನು ಮೊದಲು ಸೈಕಲ್ಲಿನವರು ದಾಟಿ ಹೋದರು, ಆಮೇಲೆ ಟೀ ಫ್ಲಾಸ್ಕು ಹಿಡಿದು ನಡೆಯುತ್ತಿದ್ದವನು ದಾಟಿ ಹೋದ. ಅವನು ಎದುರು ಅಂಗಡಿಗೆ ಟೀ ಕೊಟ್ಟು ವಾಪಸ್ಸು ಬರುವಾಗಲೂ ನಾವು ಅಲ್ಲೇ ಸಿಕ್ಕೆವು. ಹಿಂದೆ ಬಸ್ಸುಗಳು ಬಾಯಿಗೆ ಬಂದ ಹಾಗೆ ಕೂಗುತ್ತಿದ್ದವು. ಚಿಕ್ಕಮ್ಮ ಯಾರಿಗೂ ಯಾಕೆ ಎಂದು ಕೇಳಲಿಲ್ಲ. ಹಣೆಯಲ್ಲಿ ಬೆವರು, ತುಟಿ ಬಿಗಿದಿತ್ತು. ಎರಡೂ ಕೈ ಸ್ಟೇರಿಂಗಿಗೆ ಅಂಟಿಕೊಂಡಿದ್ದವು.

ಕಾರ್ಖಾನೆ ಬಂತು. ಪಾಳಿಯ ಹೊತ್ತು. ಚಿಕ್ಕ ಗೇಟಿನ ಮುಂದೆ ಹೆಂಗಸರ ಸಾಲು, ಎಲ್ಲರೂ ಅವಳ ವಿಭಾಗದವರೇ. ಚಿಕ್ಕಮ್ಮ ದೊಡ್ಡ ಗೇಟಿನ ಎದುರು ಬ್ರೇಕು ಒತ್ತಿ ಪಾಸು ತೋರಿಸಿದಳು. ಕಾವಲುಗಾರ ಎರಡು ಸಲ ಓದಿ ಗೇಟು ತೆಗೆದ. ಆ ಬಾಗಿಲು ತನಗಾಗಿ ಸರಿಯುವುದನ್ನು ನೋಡುತ್ತ ಚಿಕ್ಕಮ್ಮ ಮೈಮರೆತು ಕ್ಲಚ್ಚಿನಿಂದ ಕಾಲು ತೆಗೆದುಬಿಟ್ಟಳು. ಕಾರು ಒಂದು ಸಲ ಕುಪ್ಪಳಿಸಿ ನಿಂತುಹೋಯಿತು.

"ಅಕ್ಕನ ಕಾರು ನಿಂತೋಯ್ತು ಕಣ್ರೇ!" ಎಂದು ಸಾಲಿನಲ್ಲಿ ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ಸಾಲು ಮುರಿದು ಹೆಂಗಸರೆಲ್ಲ ಓಡಿ ಬಂದರು. ಬ್ಯಾಗು ಹೆಗಲಿಗೇರಿಸಿ, ಸೆರಗು ಸಿಕ್ಕಿಸಿ, ಡಿಕ್ಕಿಗೆ ಕೈಯಿಟ್ಟರು. ಜಾಗ ಸಾಲದವರು ಕಿಟಕಿಯ ಅಂಚು ಹಿಡಿದರು. ಕಾವಲುಗಾರ ಕಕ್ಕಾಬಿಕ್ಕಿಯಾಗಿ ಓಡಿ ಬಂದ.

"ಅಕ್ಕ, ಪಾಸು ಕಾರಿಗೆ ಮಾತ್ರ ಇರೋದು. ಇವ್ರೆಲ್ಲ ಚಿಕ್ಕ ಗೇಟಲ್ಲೇ ಹೋಗ್ಬೇಕು."

"ಕಾರು ಒಳಗೆ ಬರ್ಬೇಕು ತಾನೇ?" ಎಂದಳು ಚಿಕ್ಕಮ್ಮ.

"ಬರ್ಬೇಕು."

"ಇವ್ರು ಕೈ ಬಿಟ್ರೆ ಹೆಂಗ್ ಬರತ್ತೆ? ಇಲ್ಲೇ ಅಡ್ಡ ನಿಲ್ಲತ್ತೆ. ಹಿಂದೆ ಸಾಹೇಬ್ರ ಕಾರು ಬರೋ ಹೊತ್ತು."

ಕಾವಲುಗಾರ ತಲೆ ಕೆರೆದುಕೊಂಡು ಪಕ್ಕಕ್ಕೆ ಸರಿದ.

ಕಾರಿಗೆ ಏನೂ ಆಗಿಲ್ಲವೆಂದು ನನಗೆ ಗೊತ್ತಿತ್ತು. ಇಷ್ಟು ಕಾದು ಬಂದದ್ದು ಹೀಗೆ ತಳ್ಳಿಸಿಕೊಂಡು ಹೋಗುವುದಕ್ಕೇ? "ಚಿಕ್ಕಮ್ಮ, ಗಾಬರಿ ಬೇಡ. ಕೀ ತಿರುಗ್ಸು, ಒಂದೇ ಸಲಕ್ಕೆ ಸ್ಟಾರ್ಟ್ ಆಗತ್ತೆ" ಎಂದು ಪಿಸುಗುಟ್ಟಿದೆ.

ಅವಳು ಗೇರನ್ನು ಮೆಲ್ಲನೆ ನ್ಯೂಟ್ರಲ್ಲಿಗೆ ತಂದಳು. ಆಮೇಲೆ ಕೀಯ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಸುಮ್ನಿರೋ" ಎಂದಳು ಮೆತ್ತಗೆ. "ಸ್ಟಾರ್ಟ್ ಆದ್ರೆ ಅವ್ರೆಲ್ಲ ಆ ಚಿಕ್ಕ ಗೇಟಿಂದ ಹೋಗ್ಬೇಕಾಗತ್ತೆ."

ಹಿಂದೆ ಹೆಂಗಸರು ನಗುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ ತಳ್ಳುತ್ತಿದ್ದರು. ಕಾರು ಒಂದೊಂದೇ ಅಡಿ ಒಳಗೆ ಹೋಗುತ್ತಿತ್ತು. ನಾನು ಬಾಗಿಲು ತೆಗೆದು ಇಳಿದು, ಹಿಂದೆ ಹೋಗಿ ಅವರ ನಡುವೆ ಜಾಗ ಮಾಡಿಕೊಂಡು ಕೈ ಕೊಟ್ಟೆ.